ಮೀಟರ್‌ನಲ್ಲಿ 98 ಇತ್ತು, ಆದರೂ ಆಕ್ಸಿಜನ್ ಸಾಲಲಿಲ್ಲ ಅಂದರು. ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಕಡೆಯ ಹಳ್ಳಿ. ಕಳೆದ ವರ್ಷ ನನ್ನ ತಂಗಿಗೆ ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಯಿತು. ಮೊದಲೇ ಹಿಮೋಗ್ಲೋಬಿನ್ 8.6 ಇತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಅಂದರು. ಆಂಬುಲೆನ್ಸ್‌ನಲ್ಲಿ ಬೆರಳಿನ ಮೀಟರ್ 98 ತೋರಿಸುತ್ತಿತ್ತು. ಆದರೆ ಅವಳು ಏನೇನೋ ಬಡಬಡಿಸುತ್ತಿದ್ದಳು, ಕೈಕಾಲು ತಣ್ಣಗಾಗಿತ್ತು. ಅಲ್ಲಿ ಮುಟ್ಟಿದಾಗ ಹಿಮೋಗ್ಲೋಬಿನ್ 4.8. ಅವಳದು ಓ ನೆಗೆಟಿವ್. ತಕ್ಷಣ ಸಿಗಲಿಲ್ಲವೆಂದು ಮೊದಲ ಬಾಟಲಿ ಓ ಪಾಸಿಟಿವ್ ಹಾಕಿದರು, ಆಮೇಲೆ ನೆಗೆಟಿವ್ ಸಿಕ್ಕಿತು. ‘ಮಿದುಳಿಗೆ ಆಕ್ಸಿಜನ್ ಸಾಲುತ್ತಿರಲಿಲ್ಲ’ ಎಂದು ಆಮೇಲೆ ಹೇಳಿದರು. 98 ಇದ್ದರೂ ಸಾಲದೇ? ಈಚೆಗೆ ಒಂದು ವಿಡಿಯೋ ನೋಡಿದೆ. ಕೇಸರಿಯಿಂದ ತಯಾರಾದ ಔಷಧಿ ಕೊಟ್ಟರೆ ರಕ್ತ ಇಲ್ಲದೆಯೂ ದೇಹಕ್ಕೆ ಆಕ್ಸಿಜನ್ ಸಿಗುತ್ತದಂತೆ. ಕೃತಕ ರಕ್ತವೂ ಇದೆಯಂತೆ. ನಮಗೆ ಯಾಕೆ ಕೊಡಲಿಲ್ಲ? ಮುಂದಿನ ಬಸಿರಿಗೆ ಮೊದಲೇ ತರಿಸಿ ಇಟ್ಟುಕೊಳ್ಳಬಹುದೇ? ತಂಗಿ, ಮಗು ಈಗ ಆರಾಮಾಗಿದ್ದಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಓದಿಕೊಂಡೆ. ಆಮೇಲೆ ಉಳಿದದ್ದು.

ಬೇರೆ ಬೇರೆ ಪ್ರಶ್ನೆ ಕೇಳಿದ್ದರೂ ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವುದು ಒಂದೇ. ಬದುಕಿಸುವ ಔಷಧಿ ಎಲ್ಲೋ ಇತ್ತು, ನಮ್ಮವರಿಗೆ ಸಿಗಲಿಲ್ಲ ಎಂಬುದು ಅಲ್ವಾ? ಹಾಗೇನೂ ಆಗಿಲ್ಲ. ಹೋದ ರಕ್ತದ ಕೆಲಸವನ್ನು ಪೂರ್ತಿಯಾಗಿ ಮಾಡುವ ಔಷಧಿ ಇವತ್ತಿಗೂ ಯಾವ ಆಸ್ಪತ್ರೆಯ ಕಪಾಟಿನಲ್ಲೂ ಇಲ್ಲ. ಆದರೆ ಅದನ್ನು ಹುಡುಕಿದವರು ಬಹಳ ಜನ ಇದ್ದಾರೆ, ನೀವು ಕೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅರಿವಳಿಕೆ ಮತ್ತು ಐಸಿಯುನಲ್ಲಿ ಕೆಲಸ ಮಾಡುವವನಾಗಿ ಈ ಪ್ರಶ್ನೆಯನ್ನು ನಾನು ಐಸಿಯು ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಅಲ್ಲಿ ನಿಂತು ಬಿಡಿಸಿ ಹೇಳುವಷ್ಟು ಹೊತ್ತು ಇರುವುದಿಲ್ಲ.

ಮೊದಲು ಆ ಮೀಟರ್ ವಿಷಯ. ಬೆರಳಿನ ಮೀಟರ್ ಹೇಳುವುದು ಶೇಕಡಾವಾರು ಲೆಕ್ಕ. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ತುಂಬಿಕೊಂಡಿದೆ ಎಂಬುದು ಮಾತ್ರ. ಹಿಮೋಗ್ಲೋಬಿನ್ ಒಟ್ಟು ಎಷ್ಟಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಡಿಪೋದಿಂದ ಹೊರಡುವ ಬಸ್ಸುಗಳಲ್ಲಿ ಸೀಟೆಲ್ಲ ಭರ್ತಿ ಎಂದು ಕಂಡಕ್ಟರ್ ಹೇಳುತ್ತಾನೆ. ಹತ್ತು ಬಸ್ಸಿದ್ದರೂ ಭರ್ತಿ, ಮೂರೇ ಬಸ್ಸಿದ್ದರೂ ಭರ್ತಿ. ಊರು ಮುಟ್ಟಿದವರು ಎಷ್ಟು ಜನ ಎಂಬುದು ಅವನ ಮಾತಿನಿಂದ ತಿಳಿಯುವುದಿಲ್ಲ. ಜೊತೆಗೆ, ಕೈ ತಣ್ಣಗಾದಾಗ ಆ ಮೀಟರ್ ನಾಡಿಯನ್ನು ಹಿಡಿಯಲು ತಡಕಾಡುತ್ತದೆ. ಹಿಡಿದರೂ, ರಕ್ತ ಹೋಗುತ್ತಿರುವವರಲ್ಲಿ 98 ಎಂಬ ಅಂಕಿ ಸಮಾಧಾನ ಕೊಡಬೇಕಾದ ಅಂಕಿ ಅಲ್ಲ.

ಸ್ವಲ್ಪ ಲೆಕ್ಕ ಹಾಕೋಣ, ಕಷ್ಟವೇನಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿ ಆಕ್ಸಿಜನ್ ಹೊರುತ್ತದೆ. ಹಿಮೋಗ್ಲೋಬಿನ್ 12 ಅಂದರೆ 100 ಮಿಲಿ ರಕ್ತದಲ್ಲಿ 12 ಗ್ರಾಂ, ಅಷ್ಟಿದ್ದರೆ ಆ 100 ಮಿಲಿಯಲ್ಲಿ 16 ಮಿಲಿ ಆಕ್ಸಿಜನ್. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳಿದರೆ ದೇಹಕ್ಕೆ 800 ಮಿಲಿ ಆಕ್ಸಿಜನ್ ಮುಟ್ಟುತ್ತದೆ. ಸುಮ್ನೆ ಮಲಗಿದ್ದಾಗಲೂ ದೇಹಕ್ಕೆ ನಿಮಿಷಕ್ಕೆ ಸುಮಾರು 250 ಮಿಲಿ ಬೇಕು. ಅಂದರೆ ಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚು ಸಿಗುತ್ತಿರುತ್ತದೆ. ಇದು ದೇಹ ಇಟ್ಟುಕೊಂಡ ಉಳಿತಾಯ. ನಿಮ್ಮ ತಂಗಿಯ ಹಿಮೋಗ್ಲೋಬಿನ್ 4.8ಕ್ಕೆ ಇಳಿದಾಗ 100 ಮಿಲಿ ರಕ್ತದಲ್ಲಿ ಇದ್ದದ್ದು ಆರೂವರೆ ಮಿಲಿಗಿಂತ ಕಡಿಮೆ. ಜೊತೆಗೆ ರಕ್ತನಾಳಗಳೇ ಅರ್ಧ ಖಾಲಿಯಾಗಿರುವಾಗ ಹೃದಯ 5 ಲೀಟರ್ ತಳ್ಳುವುದು ಎಲ್ಲಿಂದ? 3 ಲೀಟರ್ ತಳ್ಳಿತು ಎಂದುಕೊಂಡರೂ 200 ಮಿಲಿ ಮುಟ್ಟುವುದಿಲ್ಲ. ಬಡಬಡಿಕೆ ಶುರುವಾಗುವುದು ಅಲ್ಲಿಯೇ. ಅವರ ಉಳಿತಾಯ ಹೆರಿಗೆಗೆ ಮೊದಲೇ ಅರ್ಧದ ಹತ್ತಿರ ಕರಗಿತ್ತು ಎಂಬುದನ್ನೂ ಗಮನಿಸಿ. 8.6ಕ್ಕೆ ಆಮೇಲೆ ಮತ್ತೆ ಬರುತ್ತೇನೆ.

ಆಂಬುಲೆನ್ಸ್‌ನಲ್ಲಿ ಮೂಗಿಗೆ ಹಾಕಿದ ಮಾಸ್ಕ್ ವ್ಯರ್ಥವಾಯಿತೇ? ಇಲ್ಲ. ಹಿಮೋಗ್ಲೋಬಿನ್‌ಗೆ ಅಂಟದೆ ರಕ್ತದ ನೀರಿನಲ್ಲೇ ಕರಗುವ ಆಕ್ಸಿಜನ್ ಸ್ವಲ್ಪ ಇರುತ್ತದೆ. ಸಾಮಾನ್ಯ ಗಾಳಿಯಲ್ಲಿ 100 ಮಿಲಿಗೆ ಬರೀ 0.3 ಮಿಲಿ. ಶುದ್ಧ ಆಕ್ಸಿಜನ್ ಕೊಟ್ಟರೆ ಅದು ಹೆಚ್ಚೆಂದರೆ 2 ಮಿಲಿ ಆಗುತ್ತದೆ. ಹಿಮೋಗ್ಲೋಬಿನ್ 15 ಇರುವವರಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. 4.8 ಇರುವವರಿಗೆ ಒಟ್ಟು ಆಕ್ಸಿಜನ್ನಿನ ಕಾಲು ಭಾಗಕ್ಕೆ ಹತ್ತಿರ! ಹಾಗಾಗಿ ಇಂಥ ಹೊತ್ತಿನಲ್ಲಿ ‘ಆಕ್ಸಿಜನ್ ಹೆಚ್ಚಿಸುವ ಔಷಧಿ’ ಎಂದು ಯಾವುದನ್ನಾದರೂ ಕರೆಯುವುದಾದರೆ ಮೊದಲ ಸ್ಥಾನ ಆ ಸಿಲಿಂಡರಿಗೇ ಸಲ್ಲಬೇಕು. ಇದರ ತುದಿಯನ್ನು ನೋಡಿದವರು ಹಾಲೆಂಡಿನ ಸರ್ಜನ್ ಬೂರೆಮಾ. 1960ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಹಂದಿಗಳ ರಕ್ತದಲ್ಲಿ ಕೆಂಪು ಕಣಗಳೇ ಇಲ್ಲದಷ್ಟು ತೆಗೆದು, ಮೂರು ಪಟ್ಟು ವಾಯುಭಾರದ ಕೋಣೆಯಲ್ಲಿ ಶುದ್ಧ ಆಕ್ಸಿಜನ್ ಕೊಟ್ಟು ಬದುಕಿಸಿದರು. ಆದರೆ ಅಂಥ ಕೋಣೆಯೊಳಗೆ, ರಕ್ತ ಸುರಿಯುತ್ತಿರುವ ಬಾಣಂತಿಯನ್ನು ಇಟ್ಟುಕೊಂಡು ಹೊಲಿಗೆ ಹಾಕುವುದು ಆಗದ ಮಾತು.

ಈಗ ಕೇಸರಿ. ವಿಡಿಯೋದಲ್ಲಿ ಹೇಳಿದ್ದಕ್ಕೆ ಒಂದು ನಿಜವಾದ ಮೂಲ ಇದೆ. ಕೇಸರಿಯ ಬಣ್ಣಕ್ಕೆ ಕಾರಣವಾದ ವಸ್ತುಗಳಲ್ಲಿ ಕ್ರೋಸೆಟಿನ್ ಒಂದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರ್ ಆಗಿದ್ದ ಜಾನ್ ಗೇನರ್ ಅದರ ಬೆನ್ನು ಹತ್ತಿದರು. ಅದರಿಂದ ಬಂದದ್ದು ಟ್ರಾನ್ಸ್ ಸೋಡಿಯಂ ಕ್ರೋಸೆಟಿನೇಟ್, ಲ್ಯಾಬಿನಲ್ಲಿ ತಯಾರಾಗುವ ಚುಚ್ಚುಮದ್ದು. ಇದು ಆಕ್ಸಿಜನ್ನನ್ನು ತಾನು ಹೊರುವುದಿಲ್ಲ. ಕೆಂಪು ಕಣದಿಂದ ಬಿಡುಗಡೆಯಾದ ಆಕ್ಸಿಜನ್ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ದಾಟಿ ಜೀವಕೋಶ ಸೇರಬೇಕಲ್ಲ, ಆ ದಾರಿಯನ್ನು ಸಲೀಸು ಮಾಡುತ್ತದೆ ಎಂಬುದು ಇದರ ಹಿಂದಿನ ವಿಚಾರ. ರಕ್ತ ತೆಗೆದ ಇಲಿಗಳಿಗೆ ಕೊಟ್ಟಾಗ ಹೆಚ್ಚು ಇಲಿಗಳು ಬದುಕಿದವು. ಚಂದದ ವಿಚಾರ, ನನಗೂ ಆಸಕ್ತಿ ಹುಟ್ಟಿಸಿದ್ದು. ಮನುಷ್ಯರಲ್ಲಿ ಮಿದುಳಿನ ಗೆಡ್ಡೆಗೆ ರೇಡಿಯೇಷನ್ ಜೊತೆ ಕೊಟ್ಟು ನೋಡಿದ್ದಾರೆ, ಪಾರ್ಶ್ವವಾಯುವಿಗೂ ಪ್ರಯತ್ನ ನಡೆದಿದೆ. ರಕ್ತಸ್ರಾವಕ್ಕೆ ಔಷಧಿಯಾಗಿ ಅನುಮತಿ ಸಿಕ್ಕಿಲ್ಲ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ನಿಂತುಹೋದ ಔಷಧಿಗಳು ನಮ್ಮ ವಿಭಾಗದಲ್ಲಿ ಬೇಕಾದಷ್ಟಿವೆ. ದುಡ್ಡು ಕೊಟ್ಟು ತರಿಸಿಕೊಳ್ಳುವ ವಸ್ತು ಇದಲ್ಲ. ಅದರ ಹೆಸರಲ್ಲಿ ಯಾರಾದರೂ ಏನನ್ನಾದರೂ ಮಾರಿದರೆ ಅನುಮಾನ ಪಡಿ.

ಹಾಗೇ ಇನ್ನೊಂದು ಮಾತು. ಬಸುರಿಯರಿಗೆ ಕೇಸರಿ ಹಾಲು ಕೊಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ರುಚಿಗೆ ಎರಡು ಎಸಳು ಹಾಕಿಕೊಂಡು ಕುಡಿಯಲಿ, ತೊಂದರೆಯಿಲ್ಲ. ರಕ್ತ ಹೆಚ್ಚುತ್ತದೆ ಎಂದು ಕುಡಿಯುವುದು ಬೇಡ. ಅದನ್ನು ನಂಬಿ ಐರನ್ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ದಾಳಿಂಬೆ, ಬೀಟ್‌ರೂಟ್‌ಗೂ ಇದೇ ಮಾತು. ಕೆಂಪಗಿರುವುದೆಲ್ಲ ರಕ್ತವಾಗುವುದಿಲ್ಲ.

ಕೃತಕ ರಕ್ತದ ಕಥೆ ಇದಕ್ಕಿಂತ ಉದ್ದ, ಕಹಿ ಕೂಡ. ಇದರಲ್ಲಿ ಎರಡು ದಾರಿ. ಒಂದು, ಪರ್ಫ್ಲೋರೋಕಾರ್ಬನ್ ಎಂಬ ದ್ರವ. ಇದರಲ್ಲಿ ಆಕ್ಸಿಜನ್ ತುಂಬಾ ಕರಗುತ್ತದೆ. 1966ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಇಲಿಯನ್ನು ಈ ದ್ರವದಲ್ಲಿ ಮುಳುಗಿಸಿಟ್ಟರು, ಇಲಿ ಅದನ್ನೇ ಉಸಿರಾಡಿ ಬದುಕಿತು. ಇದೇ ಜಾತಿಯ ಫ್ಲೂಯೋಸಾಲ್ ಎಂಬ ಜಪಾನಿ ಔಷಧಿಗೆ 1989ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಅದು ಹೃದಯದ ಬಲೂನ್ ಚಿಕಿತ್ಸೆಗೆ, ರಕ್ತಸ್ರಾವಕ್ಕಲ್ಲ. ಫ್ರೀಜ್ ಮಾಡಿ ಇಡಬೇಕು, ಕರಗಿಸಬೇಕು, ಬೆರೆಸಬೇಕು. 1994ರಲ್ಲಿ ಮಾರುಕಟ್ಟೆಯಿಂದ ಹೋಯಿತು.

ಎರಡನೆಯದು ಹಿಮೋಗ್ಲೋಬಿನ್ನನ್ನೇ ಕೆಂಪು ಕಣದಿಂದ ಹೊರತೆಗೆದು ಶುದ್ಧ ಮಾಡಿ ಬಾಟಲಿಯಲ್ಲಿ ತುಂಬುವುದು. ಗ್ರೂಪ್ ನೋಡಬೇಕಿಲ್ಲ, ಹೆಚ್ಚು ಕಾಲ ಇಡಬಹುದು. ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕೆಂಪು ಕಣದ ಚೀಲ ಸುಮ್ಮನೆ ಇರುವುದಲ್ಲ. ನಮ್ಮ ರಕ್ತನಾಳಗಳನ್ನು ಸಡಿಲವಾಗಿ ಇಡುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಬಿಡಿ ಹಿಮೋಗ್ಲೋಬಿನ್ ಅದನ್ನು ಕಬಳಿಸುತ್ತದೆ. ನಾಳಗಳು ಬಿಗಿಯುತ್ತವೆ. ಬಿಪಿ ಏರುತ್ತದೆ, ನೋಡುವವರಿಗೆ ರೋಗಿ ಸುಧಾರಿಸಿದಂತೆ ಕಾಣುತ್ತದೆ. ಒಳಗೆ ಅಂಗಾಂಗಗಳಿಗೆ ರಕ್ತ ಕಡಿಮೆಯಾಗುತ್ತಿರುತ್ತದೆ. ಹೀಮ್‌ಅಸಿಸ್ಟ್ ಎಂಬ ಔಷಧಿಯನ್ನು ಅಪಘಾತದ ಗಾಯಾಳುಗಳಿಗೆ ಕೊಟ್ಟು ನೋಡಿದ ಪರೀಕ್ಷೆಯನ್ನು 1998ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. 28 ದಿನಗಳಲ್ಲಿ ಅದನ್ನು ಪಡೆದವರಲ್ಲಿ ಶೇ 46 ಜನ ತೀರಿಕೊಂಡಿದ್ದರು. ಅದರ ಬದಲು ಸಲೈನ್ ಪಡೆದವರಲ್ಲಿ ಶೇ 17. 2008ರಲ್ಲಿ ಇಂಥ ಐದು ಉತ್ಪನ್ನಗಳ 16 ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಾವಿನ ಅಪಾಯ ಶೇ 30ರಷ್ಟು ಹೆಚ್ಚು, ಹೃದಯಾಘಾತ ಎರಡೂವರೆ ಪಟ್ಟಿಗೂ ಜಾಸ್ತಿ ಎಂದು ಕಂಡುಬಂತು. ದನದ ಹಿಮೋಗ್ಲೋಬಿನ್‌ನಿಂದ ಮಾಡಿದ ಹೀಮೋಪ್ಯೂರ್‌ಗೆ ದಕ್ಷಿಣ ಆಫ್ರಿಕಾ 2001ರಲ್ಲಿ ಅನುಮತಿ ಕೊಟ್ಟಿತ್ತು. ಅಮೆರಿಕದಲ್ಲಿ, ಧರ್ಮದ ಕಾರಣಕ್ಕೆ ರಕ್ತ ಬೇಡವೆನ್ನುವ ಕೆಲವು ರೋಗಿಗಳಿಗೆ ಬೇರೆ ದಾರಿಯೇ ಇಲ್ಲದಾಗ ವಿಶೇಷ ಅನುಮತಿಯ ಮೇಲೆ ಕೊಟ್ಟದ್ದುಂಟು. ಈಗ ಜಪಾನಿನ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದವರು ಹಿಮೋಗ್ಲೋಬಿನ್ನನ್ನು ಕೊಬ್ಬಿನ ಸಣ್ಣ ಚೀಲದೊಳಗೆ ಇಡುವ ದಾರಿಯಲ್ಲಿದ್ದಾರೆ. ಪ್ರಕೃತಿ ಮೊದಲೇ ಮಾಡಿಟ್ಟ ಚೀಲವನ್ನು ಬಿಚ್ಚಿ, ಮತ್ತೆ ಚೀಲ ಹೊಲಿಯುವ ಕಡೆಗೇ ಬಂದಂತಾಯಿತು. ಇದರ ಮೇಲೆ ನನಗೆ ಭರವಸೆ ಇದೆ, ಆದರೆ ನಿಮ್ಮ ತಂಗಿಯ ಮುಂದಿನ ಹೆರಿಗೆಯ ಹೊತ್ತಿಗೆ ಶಿರಸಿಗೆ ಬರುತ್ತದೆ ಎನ್ನಲಾರೆ.

ಭಾರತದಲ್ಲಿ ಅನುಮತಿ ಇರುವ ಒಂದು ಔಷಧಿಯನ್ನು ವಿಡಿಯೋದವರು ಹೇಳಿಲ್ಲ, ನಾನೇ ಹೇಳುತ್ತೇನೆ. ಸೆಂಥಾಕ್ವಿನ್. ಇದರ ಮೂಲ ವಸ್ತು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯದು (ಸಿಡಿಆರ್‌ಐ), ಬಿಪಿ ಇಳಿಸಲೆಂದು ಹುಡುಕಿದ್ದು. ರಕ್ತ ಹೋಗಿ ಶಾಕ್‌ಗೆ ಹೋದವರಿಗೆ, ಅಂದರೆ ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದಾದವರಿಗೆ, ಕೊಡಲು 2020ರಲ್ಲಿ ನಮ್ಮ ಔಷಧ ನಿಯಂತ್ರಕರು ಒಪ್ಪಿದರು. ದೇಹದ ರಕ್ತದ ಬಹುಪಾಲು ಸಿರೆಗಳಲ್ಲಿ ನಿಂತಿರುತ್ತದೆ. ಇದು ಸಿರೆಗಳನ್ನು ಬಿಗಿದು ಆ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ ‘3 ಲೀಟರ್’ ಇತ್ತಲ್ಲ, ಅದನ್ನು ಏರಿಸುವ ಪ್ರಯತ್ನ. ಒಳ್ಳೆಯ ಯೋಚನೆ. ಆದರೆ ಅದರ ಮೂರನೇ ಹಂತದ ಪರೀಕ್ಷೆಯಲ್ಲಿದ್ದವರು ನೂರು ಚಿಲ್ಲರೆ ಜನ. ಅಷ್ಟು ಸಣ್ಣ ಗುಂಪಿನಲ್ಲಿ ಎರಡು ಸಾವು ಅತ್ತಿತ್ತ ಆದರೂ ಫಲಿತಾಂಶ ತಿರುಗುತ್ತದೆ. ರಕ್ತ, ಸಲೈನ್ ಜೊತೆಗೆ ಕೊಡುವ ಔಷಧಿ ಅದು, ಅವುಗಳ ಬದಲಿಗೆ ಅಲ್ಲ. ಯಾವುದಾದರೂ ಆಸ್ಪತ್ರೆಯಲ್ಲಿ ಅದನ್ನು ಕೊಡಲಿಲ್ಲವೆಂದರೆ ಅದು ತಪ್ಪು ಎಂದು ನಾನು ಹೇಳುವುದಿಲ್ಲ.

ಸಲೈನ್ ಬಗ್ಗೆ ಜನರಿಗೆ ಇರುವ ನಂಬಿಕೆಯೂ ಸ್ವಲ್ಪ ಅತಿಯಾದದ್ದೇ. ಅದು ನಾಳಗಳನ್ನು ತುಂಬುತ್ತದೆ, ಆಕ್ಸಿಜನ್ ಹೊರುವುದಿಲ್ಲ. ಬಾಟಲಿ ಮೇಲೆ ಬಾಟಲಿ ಏರಿಸಿದರೆ ಇದ್ದ ರಕ್ತ ತೆಳುವಾಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಮೈ ತಣ್ಣಗಾಗುತ್ತದೆ. ಆಂಬುಲೆನ್ಸ್‌ನಲ್ಲಿ ‘ಇನ್ನೊಂದು ಬಾಟಲಿ ಹಾಕಿ’ ಎಂದು ಸಂಬಂಧಿಕರು ಸಿಬ್ಬಂದಿಯನ್ನು ಒತ್ತಾಯಿಸುವುದುಂಟು. ಬೇಡ.

ಹಾಗಾದರೆ ಔಷಧಿಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಆದರೆ ಆಕ್ಸಿಜನ್ ಹೊರುವ ಔಷಧಿಯಿಂದಲ್ಲ, ಸೋರಿಕೆ ನಿಲ್ಲಿಸುವ ಔಷಧಿಯಿಂದ. ಹೋಗದೆ ಉಳಿದ ಪ್ರತಿ ಮಿಲಿ ರಕ್ತವೂ ಆಕ್ಸಿಜನ್ ಹೊರುತ್ತದೆ. ತುಂಬು ಬಸುರಿಯಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳದಿದ್ದರೆ ಆ ನಲ್ಲಿ ತೆರೆದೇ ಇರುತ್ತದೆ. ಅದಕ್ಕೇ ಆಕ್ಸಿಟೋಸಿನ್ ಚುಚ್ಚುಮದ್ದು, ಹೊಟ್ಟೆಯ ಮೇಲಿನಿಂದ ಗರ್ಭಕೋಶ ಉಜ್ಜುವುದು, ಬೇಕಾದರೆ ಗರ್ಭಕೋಶದ ಒಳಗಿನಿಂದ ಒತ್ತಿ ಹಿಡಿಯುವ ಬಲೂನ್. ಇವುಗಳ ಜೊತೆಗೆ ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಒಕಾಮೊಟೊ ದಂಪತಿ 1960ರ ದಶಕದಲ್ಲಿ ಕಂಡುಹಿಡಿದದ್ದು. ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. ಅಗ್ಗದ ಔಷಧಿ. 2017ರಲ್ಲಿ ಹೊರಬಂದ ಪರೀಕ್ಷೆಯಲ್ಲಿ 21 ದೇಶಗಳ 20,060 ತಾಯಂದಿರಿದ್ದರು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದಿಂದ ಸತ್ತವರು ಶೇ 1.2, ಕೊಡದವರಲ್ಲಿ ಶೇ 1.7. ನೋಡಲು ಸಣ್ಣ ವ್ಯತ್ಯಾಸ. ಆದರೆ ಮೂರರಲ್ಲಿ ಒಂದು ಸಾವು ತಪ್ಪಿದಂತಾಯಿತು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಲಾಭವಿಲ್ಲ. ತಡವಾದ ಪ್ರತಿ 15 ನಿಮಿಷಕ್ಕೂ ಲಾಭ ಸುಮಾರು ಶೇ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಆಸ್ಪತ್ರೆಯಲ್ಲೇ ಕೊಟ್ಟು ಕಳಿಸುವುದು ಲೇಸು.

ಈ ವಿಷಯದಲ್ಲಿ ನಮ್ಮ ಬೆಳಗಾವಿಯ ಹೆಸರು ಬಿಡಬಾರದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿನ ಹಳ್ಳಿಗಳ 1620 ಹೆರಿಗೆಗಳಲ್ಲಿ ನಡೆದದ್ದು. ಹೆರಿಗೆಯಾದ ಕೂಡಲೇ, ಗರ್ಭಕೋಶವನ್ನು ಮುದುಡಿಸುವ ಮಿಸೋಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ಹೆಚ್ಚು ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಅಲ್ಲಿ ಬಳಸಿದ್ದು ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲ. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುವಾಗ ಪಳಗಿದವರೂ ಕಡಿಮೆಯೇ ಹೇಳುತ್ತಾರೆ. ಗೆರೆ ಇದ್ದರೆ ಎಚ್ಚರ ಬೇಗ ಬರುತ್ತದೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇಂಥ ಚೀಲದ ಜೊತೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೇ ಶುರು ಮಾಡಿ ನೋಡಿದರು. 2023ರಲ್ಲಿ ಫಲಿತಾಂಶ ಬಂದಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಸಾವು, ಆಪರೇಷನ್‌ಗಳು ಒಟ್ಟಾರೆ ಶೇ 60ರಷ್ಟು ಕಡಿಮೆಯಾಗಿದ್ದವು. ಹೊಸ ಔಷಧಿ ಒಂದೂ ಇರಲಿಲ್ಲ!

ಇನ್ನು ಮುಂದಿನ ಬಸಿರು. ಮೊದಲ ಕೆಲಸ ಆ 8.6. ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52 ಜನರಿಗೆ ಅದು ಇದೆ. ಹಾಗಾಗಿ ‘ಎಲ್ಲರಿಗೂ ಇರುತ್ತದೆ ಬಿಡಿ’ ಎಂಬ ಮಾತು ಮನೆಯಲ್ಲೂ ಕೇಳಿಸುತ್ತದೆ, ಕೆಲವೊಮ್ಮೆ ಕ್ಲಿನಿಕ್‌ನಲ್ಲೂ. ಒಪ್ಪಬೇಡಿ. ಈಗಲೇ, ಬಸಿರಿಗೆ ಮೊದಲೇ, ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಕೊರತೆ ತುಂಬಿಸಿ. ಮಾತ್ರೆಯನ್ನು ಚಹಾ, ಹಾಲಿನ ಜೊತೆ ತೆಗೆದುಕೊಳ್ಳುವುದು ಬೇಡ. ಮಾತ್ರೆ ಒಗ್ಗದಿದ್ದರೆ ನಾಲ್ಕನೇ ತಿಂಗಳ ನಂತರ ಐರನ್ ಡ್ರಿಪ್ ಹಾಕಿಸಬಹುದು. ಅಪರೂಪಕ್ಕೆ ಅಲರ್ಜಿ ಆಗುವುದರಿಂದ ಆಸ್ಪತ್ರೆಯಲ್ಲೇ ಹಾಕಿಸಬೇಕು. ಪರಿಣಾಮ ಕಾಣಲು ವಾರಗಳು ಬೇಕು. ರಕ್ತ ಹೋಗುತ್ತಿರುವಾಗ ಐರನ್ ಡ್ರಿಪ್ ಅಥವಾ ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದು ಕೊಟ್ಟು ಆ ರಾತ್ರಿಗೆ ಏನೂ ಆಗುವುದಿಲ್ಲ.

ಒಮ್ಮೆ ಹೀಗೆ ರಕ್ತ ಹೋದವರಿಗೆ ಮತ್ತೆ ಹಾಗಾಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆದ್ದರಿಂದ ಎರಡನೇ ಹೆರಿಗೆ ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲೇ ಆಗಲಿ. ದಿನ ತುಂಬುವ ಮೊದಲೇ ಹೋಗಿ ಹತ್ತಿರ ಉಳಿದುಕೊಳ್ಳಿ. ಓ ನೆಗೆಟಿವ್ ಬೇಕಾಗಬಹುದು ಎಂದು ಎಂಟನೇ ತಿಂಗಳಲ್ಲೇ ಹೇಳಿಡಿ. ನೀವೂ ಓ ನೆಗೆಟಿವ್ ಆಗಿದ್ದರೆ ‘ನನ್ನ ರಕ್ತ ನೇರ ತಂಗಿಗೆ ಹಾಕಿ’ ಎನ್ನಬೇಡಿ. ಒಡಹುಟ್ಟಿದವರ ರಕ್ತದ ಬಿಳಿ ಕಣಗಳು ಅಪರೂಪಕ್ಕೆ ಪಡೆದವರ ದೇಹದ ಮೇಲೇ ತಿರುಗಿ ಬೀಳುತ್ತವೆ. ಆ ರಕ್ತದ ಬಾಟಲಿಗೆ ರೇಡಿಯೇಷನ್ ಕೊಡದೆ ಅದನ್ನು ಬಳಸುವುದು ಅಪಾಯ. ಗಂಡನ ರಕ್ತವೂ ಬೇಡ. ಬ್ಯಾಂಕಿಗೆ ದಾನ ಕೊಡಿ, ಬೇರೆಯವರದು ನಿಮ್ಮ ತಂಗಿಗೆ ಬರುತ್ತದೆ.

ಇಷ್ಟರ ನಡುವೆ ನೀವು ಕೇಳದ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಹಚ್ಚಿದ ವಿಷಯ ಆ ಮೊದಲ ಬಾಟಲಿ ಓ ಪಾಸಿಟಿವ್. ಆ ಹೊತ್ತಿಗೆ ಅದನ್ನು ಹಾಕಿದ್ದು ಸರಿಯಾದ ನಿರ್ಧಾರ. ನೆಗೆಟಿವ್‌ಗೆ ಕಾಯುತ್ತಾ ಕೂತಿದ್ದರೆ ಜೀವವೇ ಹೋಗಬಹುದಿತ್ತು. ಆದರೆ ಅದರಿಂದ ನಿಮ್ಮ ತಂಗಿಯ ದೇಹದಲ್ಲಿ ಪಾಸಿಟಿವ್ ರಕ್ತದ ವಿರುದ್ಧ ಪ್ರತಿಕಾಯಗಳು ಹುಟ್ಟಿರಬಹುದು. ಮತ್ತೆ ಪಾಸಿಟಿವ್ ರಕ್ತ ಹಾಕದಿದ್ದರೆ ಅವರಿಗೆ ಅದರಿಂದ ತೊಂದರೆಯಿಲ್ಲ. ಮುಂದೆ ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಮಗುವಿನ ರಕ್ತವನ್ನು ಒಡೆಯಬಲ್ಲವು. ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದಾಗ ಆ ಪ್ರತಿಕಾಯಗಳು ಹುಟ್ಟದಂತೆ ತಡೆಯಲು 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಆ ಮಾಮೂಲಿ ಪ್ರಮಾಣ ಒಂದು ಇಡೀ ಬಾಟಲಿ ಪಾಸಿಟಿವ್ ರಕ್ತಕ್ಕೆ ಏನೇನೂ ಸಾಲದು. ಹಾಗಾಗಿ ಮೊದಲ ಮಗುವಿನ ಗ್ರೂಪ್ ಯಾವುದು, ಆಂಟಿ-ಡಿ ಕೊಟ್ಟರೇ, ಎಷ್ಟು ಕೊಟ್ಟರು ಎಂಬುದನ್ನು ಡಿಸ್ಚಾರ್ಜ್ ಕಾರ್ಡ್‌ನಲ್ಲಿ ನೋಡಿ. ಬರೆದಿರದಿದ್ದರೆ ಆಸ್ಪತ್ರೆಯ ರೆಕಾರ್ಡ್ ವಿಭಾಗದಿಂದ ಕೇಸ್ ಶೀಟ್‌ನ ಪ್ರತಿ ಕೇಳಿ, ಕೊಡುತ್ತಾರೆ. ಆಮೇಲೆ, ಪ್ರತಿಕಾಯ ಹುಟ್ಟಿದೆಯೇ ಎಂದು ತೋರಿಸುವ ಐಸಿಟಿ ಎಂಬ ರಕ್ತ ಪರೀಕ್ಷೆ ಮಾಡಿಸಿ. ಸಣ್ಣ ಖರ್ಚಿನದು. ಪ್ರತಿಕಾಯ ಇಲ್ಲವೆಂದು ಬಂದರೆ ಮುಂದಿನ ಬಸಿರಿನಲ್ಲಿ ಎಂದಿನಂತೆ ಏಳನೇ ತಿಂಗಳಲ್ಲಿ ಆಂಟಿ-ಡಿ ಕೊಡಬಹುದು. ಇದೆ ಎಂದು ಬಂದರೆ ಆ ಚುಚ್ಚುಮದ್ದಿನಿಂದ ಉಪಯೋಗವಿಲ್ಲ. ಆಗ ಬಸಿರು ಖಚಿತವಾದ ಕೂಡಲೇ, ಹೊಟ್ಟೆಯಲ್ಲಿರುವ ಮಗುವಿಗೆ ರಕ್ತ ಕಡಿಮೆಯಾಗುತ್ತಿದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡುವ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೆಸರು ಬರೆಸಬೇಕು. ಅಂಥ ಮಕ್ಕಳಿಗೆ ಗರ್ಭದಲ್ಲಿರುವಾಗಲೇ ರಕ್ತ ಕೊಡುವ ವ್ಯವಸ್ಥೆ ಇದೆ.